ಹೊಲದ ಮಣ್ಣಿನ ಬೂಷ್ಟೂ ಮನುಷ್ಯನ ಆರೋಗ್ಯವೂ

ಮಣ್ಣನ್ನು ನಾವು ತಾಯಿಯೆಂದು ಕರೆಯುವುದುಂಟು. ಆದರೆ ಆ ತಾಯಿಯ ಮಡಿಲಿನಲ್ಲಿ ನಮ್ಮೊಡನೆ ಇನ್ನೂ ಯಾವ ಯಾವ ಜೀವಿಗಳು ಬೆಳೆಯುತ್ತಿರುವುವೆಂಬುದನ್ನು ಕುರಿತು ಯೋಚಿಸುವವರು ವಿರಳ. ಒಂದು ಚಿಟಿಕೆ ಹೊಲದ ಮಣ್ಣಿನಲ್ಲಿ ಬರಿಗಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಅವುಗಳಲ್ಲಿ ಬಹುಭಾಗ ನಮಗೆ ಉಪಕಾರಿಗಳು, ಕೆಲವು ಉದಾಸೀನವಾದುವು, ಇನ್ನು ಕೆಲವು ಸಂದರ್ಭ ಒದಗಿದರೆ ಅಪಕಾರಿಗಳು. ಈ ಮೂರನೆಯ ಬಗೆಗೆ ಸೇರಿದ ಒಂದು ಬೂಷ್ಟಿನ ಕುಲವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕೃಷ್ಣಾ ನದಿಯ ದಂಡೆಯ ಮೇಲೆ, ಹಿಂದೆ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಜಮಖಂಡಿಯ ಸೀಮೆಯಲ್ಲಿ, ಚಿಕ್ಕಪಡಸಲಗಿ ಎಂಬ ಗ್ರಾಮವಿದೆ. ೧೯೮೯ರಲ್ಲಿ ಆ ಭಾಗದ ಒಕ್ಕಲಿಗರು ಸರಕಾರದ ಹಣಕ್ಕಾಗಿ ಕಾದು ಕುಳ್ಳಿರದೆ, ತಾವೇ ವಂತಿಗೆ ಕೂಡಿಸಿ, ತಾವೇ ಮೈ ಮುರಿದು ದುಡಿದು, ನದಿಗೆ ಅಡ್ಡಲಾಗಿ ಒಂದು ಬ್ಯಾರೇಜನ್ನು ಕಟ್ಟಿಕೊಂಡರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಅನ್ವರ್ಥವಾಗಿದೆ. ನೀರಿನ ಆಸರೆ ದೊರೆತ ಮೇಲೆ ದಂಡೆಯ ಎರೆಭೂಮಿಯಲ್ಲಿ ಕಬ್ಬು ಹಬ್ಬಿತು. ಮಳೆಯನ್ನು ನಂಬಿದ ಹೊಲಗಳಲ್ಲಿ ಜೋಳವೂ ಕಡಲೆಯೂ ಉಳಿದುವು. ಇಂಥ ಊರಿನಲ್ಲಿ ಮಣ್ಣಿಗೂ ಮೈಗೂ ನಡುವೆ ಮರೆಯೆಂಬುದಿಲ್ಲ. ಬೆಳಗಿನಿಂದ ಸಂಜೆಯ ವರೆಗೆ ಒಕ್ಕಲುಮಕ್ಕಳ ಕೈ, ಕಾಲು, ಕಣ್ಣು ಎಲ್ಲವೂ ಮಣ್ಣಿನ ಧೂಳಿನಲ್ಲಿಯೇ ಇರುತ್ತವೆ. ನಾನು ಹೇಳಹೊರಟಿರುವ ವಿಷಯ ಈ ಒಂದು ಊರಿಗೆ ಮಾತ್ರ ವಿಶೇಷವಾದುದೆಂದು ಯಾರೂ ತಿಳಿಯಬಾರದು. ಕಬ್ಬನ್ನೂ ಜೋಳವನ್ನೂ ಬೆಳೆಯುವ ಯಾವ ಊರಿಗಾದರೂ ಅದು ಸಲ್ಲುತ್ತದೆ.

ಈ ಬೂಷ್ಟಿನ ಕುಲಕ್ಕೆ ಶಾಸ್ತ್ರಜ್ಞರು ಫ್ಯುಸೇರಿಯಂ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವನು ಲಿಂಕ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ; ಕಾಲ ೧೮೦೯. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದದ ಮೂಲಕ್ಕೆ ನೂಲುವ ಕದಿರು ಎಂದು ಅರ್ಥ. ಇದರ ಬೀಜಕಣಗಳು ನಡುವೆ ಉಬ್ಬಿ, ಎರಡು ತುದಿಗಳಲ್ಲಿಯೂ ಚೂಪಾಗಿ, ಸ್ವಲ್ಪ ಬಾಗಿ, ಒಳಗೆ ಅಡ್ಡಗೋಡೆಗಳಿಂದ ಕೋಣೆಕೋಣೆಯಾಗಿರುವುದೇ ಆ ಹೆಸರಿಗೆ ಕಾರಣ. ಜಮಖಂಡಿಗೆ ನೆರೆಯ ರಬಕವಿ ಬನಹಟ್ಟಿಗಳು ನೇಕಾರರ ಊರುಗಳು. ಅಲ್ಲಿಯವರಿಗೆ ಕದಿರಿನ ಆಕಾರವನ್ನು ಯಾರೂ ವರ್ಣಿಸಿ ಹೇಳಬೇಕಾದುದಿಲ್ಲ. ಆದುದರಿಂದ ನಾವೂ ಇದನ್ನು ಕದಿರುಬೂಷ್ಟು ಎಂದು ಕರೆದುಕೊಳ್ಳೋಣ. ಇದನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಕಷ್ಟವಲ್ಲ. ಆಲೂಗೆಡ್ಡೆಯ ಕಷಾಯದಿಂದ ಮಾಡಿದ ಪಾಕದ ಮೇಲೆ ಹೊಲದ ಮಣ್ಣನ್ನು ಉದುರಿಸಿ ಕೆಲವು ದಿನ ಬಿಟ್ಟರೆ, ನಾನಾ ಬೂಷ್ಟುಗಳ ನಡುವೆ ಹಿಂಜಿದ ಅರಳೆಯಂತೆ ಬೆಳ್ಳಗೆ, ಕೆಲವೊಮ್ಮೆ ನಸುಗೆಂಪಾಗಿ ಅಥವಾ ನೇರಿಳೆಯಾಗಿ ಇದೂ ಎದ್ದು ಬರುತ್ತದೆ. ವಿದ್ಯಾರ್ಥಿಗಳು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಷ್ಟು ಅಂದವಾದುದು ಕೇಡು ಮಾಡೀತೇ ಎಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಸರಿ.

ಮಣ್ಣಿನಲ್ಲಿ ಇದರ ಮುಖ್ಯವಾದ ಕಸಬು ಸತ್ತ ಸಸ್ಯಭಾಗಗಳನ್ನು ಜೀರ್ಣಿಸುವುದು. ಕಬ್ಬಿನ ರವದಿ, ಜೋಳದ ಕೂಳೆ, ಕೊಳೆತ ಬೇರು ಇವುಗಳ ಮೇಲೆ ಬೆಳೆದು, ಅವನ್ನು ಮರಳಿ ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಇದೂ ಪಾಲುಗಾರ. ಆಹಾರ ದೊರೆಯದಾಗ ಕೆಲವು ಜಾತಿಗಳು ದಪ್ಪ ಕವಚದ ವಿಶ್ರಾಂತಿಕಣಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಮಣ್ಣಿನಲ್ಲಿ ನಿದ್ರಿಸಬಲ್ಲುವು. ಕೆಲವು ಜಾತಿಗಳು ಬದುಕಿರುವ ಗಿಡಗಳನ್ನೂ ಬಿಡುವುದಿಲ್ಲ. ತೊಗರಿ ಕಡಲೆಗಳ ಸೊರಗುರೋಗವೂ, ಕಬ್ಬಿನ ಸುಳಿಯ ಎಲೆಗಳು ಸುಕ್ಕಿ ತಿರುಚಿಕೊಳ್ಳುವ ಪೊಕ್ಕಾ ಬೋಯಿಂಗ್ ರೋಗವೂ ಈ ಕುಲದವರ ಕೃತ್ಯಗಳೇ. ಇದೇ ಕುಲದಿಂದ ಉಪಕಾರವೂ ಆಗಿದೆ. ಬತ್ತದ ಸಸಿಗಳು ಹುಚ್ಚಾಗಿ ಎತ್ತರಕ್ಕೆ ಬೆಳೆದು ಸಾಯುವ ರೋಗಕ್ಕೆ ಈ ಬೂಷ್ಟು ಸ್ರವಿಸುವ ಒಂದು ದ್ರವ್ಯವೇ ಕಾರಣವೆಂದು ಜಪಾನಿನ ಕುರೊಸಾವಾ ೧೯೨೬ರಲ್ಲಿ ತೋರಿಸಿಕೊಟ್ಟನು. ಅದರಿಂದಲೇ ಜಿಬ್ಬರೆಲಿನ್ ಎಂಬ ಸಸ್ಯವೃದ್ಧಿಕಾರಕ ದೊರೆಯಿತು. ಇಂದು ದ್ರಾಕ್ಷಿಯ ತೋಟಗಾರರೆಲ್ಲರಿಗೂ ಅದು ಪರಿಚಿತ.

ಹೀಗೆ ಗಿಡಗಳ ಲೋಕದ ಈ ಜೀವಿ ಮನುಷ್ಯನ ದೇಹವನ್ನು ಪ್ರವೇಶಿಸುವುದು ಮುಖ್ಯವಾಗಿ ಎರಡು ಬಾಗಿಲುಗಳಿಂದ. ಒಂದು ಕಣ್ಣು, ಇನ್ನೊಂದು ಬಾಯಿ. ಕಣ್ಣಿನಲ್ಲಿ ಬೂಷ್ಟೇ ಬೆಳೆಯುತ್ತದೆ. ಬಾಯಿಯ ಮೂಲಕ ಬರುವುದು ಬೂಷ್ಟು ಕಾಳಿನಲ್ಲಿ ಬಿಟ್ಟು ಹೋದ ವಿಷ.

ಮೊದಲು ಕಣ್ಣಿನ ವಿಚಾರವನ್ನು ನೋಡೋಣ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕಾರ್ನಿಯಾ ಎಂಬ ಪಾರದರ್ಶಕವಾದ ಪಟಲವಿದೆ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಬೆಳಕು ತಡೆಯಿಲ್ಲದೆ ಹಾಯಬೇಕಾದುದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ರಕ್ತವಿಲ್ಲದ ಕಡೆಗೆ ದೇಹದ ಕಾವಲುಗಾರರಾದ ಬಿಳಿಯ ಕಣಗಳು ಬರುವುದು ತಡ. ಆದರೂ ಮೇಲಿನ ತೆಳುವಾದ ಚರ್ಮ ಅಖಂಡವಾಗಿರುವ ವರೆಗೆ ಕಣ್ಣಿಗೆ ಬಿದ್ದ ಬೀಜಕಣಗಳನ್ನು ಕಣ್ಣೀರು ತೊಳೆದು ಹಾಕುತ್ತದೆ. ಕಬ್ಬಿನ ಗರಿಯ ಗರಗಸದಂಥ ಅಂಚು ಒಮ್ಮೆ ಗೀರಿತೆಂದರೆ, ಅಥವಾ ರಾಶಿ ಮಾಡುವಾಗ ಜೋಳದ ಹೊಟ್ಟು ಹಾರಿ ತಾಗಿತೆಂದರೆ, ಆ ಕಾವಲು ಮುರಿಯುತ್ತದೆ. ಗೀರಿದ ಗರಿಯೇ ಬೂಷ್ಟಿನ ಕಣಗಳನ್ನೂ ಗಾಯದೊಳಗೆ ಇಟ್ಟು ಹೋಗುತ್ತದೆ.

ಬೂಷ್ಟಿನಿಂದ ಕಾರ್ನಿಯಾದಲ್ಲಿ ಹುಣ್ಣಾಗುವುದನ್ನು ಮೊದಲು ವರ್ಣಿಸಿದವನು ಲೇಬರ್ ಎಂಬ ಜರ್ಮನ್ ನೇತ್ರವೈದ್ಯ, ೧೮೭೯ರಲ್ಲಿ. ಅವನ ರೋಗಿಯೂ ಒಬ್ಬ ಒಕ್ಕಲಿಗನೇ. ತೆನೆ ಬಡಿಯುವಾಗ ಓಟ್ಸ್ ಧಾನ್ಯದ ಹೊಟ್ಟು ಅವನ ಕಣ್ಣಿಗೆ ಹೊಡೆದಿತ್ತು. ಅಲ್ಲಿ ಬೆಳೆದುದು ಆಸ್ಪರ್ಜಿಲಸ್ ಎಂಬ ಬೇರೆ ಕುಲದ ಬೂಷ್ಟು. ನಮ್ಮ ದಕ್ಷಿಣದೇಶದಲ್ಲಾದರೋ ಕದಿರುಬೂಷ್ಟಿಗೇ ಅಗ್ರಸ್ಥಾನ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯಲ್ಲಿ ೧೯೯೪ರ ಮೊದಲ ಮೂರು ತಿಂಗಳುಗಳಲ್ಲಿ ಕಾರ್ನಿಯಾದ ಹುಣ್ಣಿನಿಂದ ಬಂದ ೪೩೪ ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ ೨೮೪ ಮಂದಿಗೆ ಮೊದಲು ಕಣ್ಣಿಗೆ ಪೆಟ್ಟು ತಗಲಿತ್ತೆಂದು ತಿಳಿದುಬಂದಿತು. ರೋಗಕಾರಕ ಜೀವಿ ಬೆಳೆದು ಬಂದ ೨೯೭ ಕಣ್ಣುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟರಲ್ಲಿ ಬೂಷ್ಟು ಮಾತ್ರವೇ ಇದ್ದಿತು. ಹಾಗೆ ಬೆಳೆದ ಬೂಷ್ಟುಗಳಲ್ಲಿ ನೂರಕ್ಕೆ ೪೭ ಪಾಲು ಫ್ಯುಸೇರಿಯಂ. ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿದ ಕಣ್ಣುಗಳು ಬೂಷ್ಟಿನ ಹುಣ್ಣಿಗೆ ಒಳಗಾಗುತ್ತವೆಯೆಂದು ೨೦೨೧ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತಿಳಿಸುತ್ತದೆ. ಅದರ ಬಹುಪಾಲು ಏಷ್ಯಾ ಆಫ್ರಿಕಾ ಖಂಡಗಳ ದುಡಿಯುವ ಜನರದು.

ಈ ರೋಗದ ಮೋಸವೆಲ್ಲ ಅದರ ನಿಧಾನದಲ್ಲಿದೆ. ಗರಿ ಗೀರಿದ ದಿನ ಕಣ್ಣು ಉರಿದು ನೀರು ಸುರಿಯುತ್ತದೆ. ಮರುದಿನ ಸ್ವಲ್ಪ ಮೇಲೆನಿಸಬಹುದು. ಒಳಗೆ ಬೂಷ್ಟಿನ ಎಳೆಗಳು ಪಟಲದ ಪದರುಗಳ ನಡುವೆ ದಾರಿ ಮಾಡಿಕೊಂಡು ಹರಡುತ್ತಿರುತ್ತವೆ. ಹಲವು ದಿನಗಳ ಮೇಲೆ ಕರಿಯಾಲಿಯ ಮುಂದೆ ಅಂಚು ಗರಿಗರಿಯಾದ ಬೂದುಬಿಳಿಯ ಚುಕ್ಕೆಯೊಂದು ಕಾಣಿಸುತ್ತದೆ. ಕೆಲವೊಮ್ಮೆ ಅದರ ಸುತ್ತ ಚಿಕ್ಕ ಚುಕ್ಕೆಗಳೂ ಮೂಡುತ್ತವೆ. ನೋವು, ಬೆಳಕಿಗೆ ಕಣ್ಣು ತೆರೆಯಲಾರದಿರುವುದು, ನೋಟ ಮಂಜಾಗುವುದು ಇವು ಕ್ರಮವಾಗಿ ಹೆಚ್ಚುತ್ತವೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಪಟಲ ಕರಗಿ ತೂತಾಗಿ ಕಣ್ಣೇ ಹೋಗಬಹುದು. ಮಾಯ್ದರೂ ಬಿಳಿಯ ಕಲೆ ನಿಲ್ಲುತ್ತದೆ. ಕಣ್ಣಿಗೆ ಹೂ ಬಿದ್ದಿದೆಯೆಂದು ನಮ್ಮ ಜನ ಹೇಳುವ ಸ್ಥಿತಿ ಹಲವರಿಗೆ ಬರುವುದು ಇಂಥ ಹುಣ್ಣುಗಳಿಂದಲೇ.

ಹೀಗಿರಲು, ಆ ನಡುವಿನ ದಿನಗಳಲ್ಲಿ ನಾವು ಏನು ಮಾಡುತ್ತೇವೆಂಬುದೇ ಮುಖ್ಯವಾದ ವಿಷಯ. ಕಬ್ಬು ಕಡಿಯುವವನಿಗೆ ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿಯಿಲ್ಲ. ಗುಂಪಾಗಿ ಬಂದವರಲ್ಲಿ ಒಬ್ಬನು ಹಿಂದೆ ಸರಿದರೆ ಉಳಿದವರಿಗೂ ಅಡಚಣೆ. ಆದುದರಿಂದ ಆತನು ಆಸ್ಪತ್ರೆಗೆ ಹೋಗುವುದಿಲ್ಲ. ಮನೆಯವರು ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಮುಂತಾದುವನ್ನು ಹಾಕುತ್ತಾರೆ. ಕೆಲವೆಡೆ ಕಣ್ಣಿನ ಕಸವನ್ನು ನಾಲಗೆಯಿಂದ ತೆಗೆಸುವುದೂ ಉಂಟು. ಇವೆಲ್ಲವೂ ಗಾಯಕ್ಕೆ ಹೊಸ ರೋಗಾಣುಗಳನ್ನು ಸೇರಿಸಬಲ್ಲ ಕ್ರಮಗಳು. ಇದಕ್ಕಿಂತಲೂ ಅಪಾಯಕರವಾದುದು ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಸ್ಟಿರಾಯ್ಡ್ ಹನಿ. ಅದನ್ನು ಹಾಕಿದ ಕೂಡಲೆ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ. ರೋಗಿ ಗುಣವಾಯಿತೆಂದು ಸಂತೋಷಪಡುತ್ತಾನೆ. ಆದರೆ ಆ ಹನಿ ಮಾಡಿದ್ದು ದೇಹದ ಕಾವಲನ್ನು ಮಲಗಿಸುವ ಕೆಲಸ. ಬೂಷ್ಟು ಮುಂಚಿಗಿಂತ ವೇಗವಾಗಿ ಬೆಳೆಯುತ್ತದೆ.

ತಕ್ಕ ಕ್ರಮ ಯಾವುದು? ನೇತ್ರವೈದ್ಯರು ಹುಣ್ಣಿನಿಂದ ಅಣುವಿನಷ್ಟು ಕೆರೆದು ತೆಗೆದು, ಒಂದು ಹನಿ ಕ್ಷಾರದಲ್ಲಿಟ್ಟು ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಬೂಷ್ಟಿನ ಎಳೆಗಳಿದ್ದರೆ ಬಹುಮಟ್ಟಿಗೆ ಆಗಲೇ ಗೊತ್ತಾಗುತ್ತದೆ. ಯಾವ ಕುಲದ್ದೆಂಬುದು ಬೆಳೆಸಿ ನೋಡಿದ ಮೇಲೆ ತಿಳಿಯುತ್ತದೆ. ಕಣ್ಣಿನ ಬೂಷ್ಟಿಗೆ ಇಂದಿಗೂ ಮೊದಲ ಔಷಧ ನಾಟಮೈಸಿನ್. ಇದು ೧೯೫೫ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ದೊರೆಯಿತು. ಹೆಸರೂ ಅದರಿಂದಲೇ ಬಂದಿತು. ಮಣ್ಣಿನಿಂದ ಬಂದ ರೋಗಕ್ಕೆ ಮದ್ದೂ ಮಣ್ಣಿನಿಂದಲೇ ಬಂದುದು ಗಮನಿಸತಕ್ಕ ಸಂಗತಿ. ಇದಕ್ಕಿಂತ ಹೊಸದಾದ ವೊರಿಕೊನಜೋಲ್ ಎಂಬ ಔಷಧ ಹೆಚ್ಚು ಪರಿಣಾಮಕಾರಿಯಾದೀತೆಂದು ಹಲವರು ಎಣಿಸಿದ್ದರು. ದಕ್ಷಿಣ ಭಾರತದ ೩೨೩ ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದ ಪ್ರಯೋಗದ ಫಲ ೨೦೧೩ರಲ್ಲಿ ಪ್ರಕಟವಾಯಿತು. ಹಳೆಯ ನಾಟಮೈಸಿನ್ನೇ ಮೇಲೆಂದೂ, ಫ್ಯುಸೇರಿಯಂ ಹುಣ್ಣುಗಳಲ್ಲಿ ಅದರ ಮೇಲ್ಮೆ ಇನ್ನೂ ಸ್ಪಷ್ಟವೆಂದೂ ಅದರಿಂದ ಸಿದ್ಧವಾಯಿತು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಈ ಔಷಧ ಪಟಲದ ಆಳಕ್ಕೆ ಚೆನ್ನಾಗಿ ಇಳಿಯಲಾರದು. ಬೂಷ್ಟು ಮೇಲ್ಪದರದಲ್ಲಿರುವಾಗ ಹಾಕಿದರೆ ಫಲ. ಆಳಕ್ಕೆ ಇಳಿದ ಮೇಲೆ ಹಾಕಿದರೆ ಸಂದೇಹ. ಮೊದಮೊದಲು ಗಂಟೆಗೊಂದರಂತೆ, ಅನಂತರ ವಾರಗಟ್ಟಲೆ ಹನಿ ಹಾಕಬೇಕಾಗುತ್ತದೆ. ತೀರ ಮೀರಿದಾಗ ಸತ್ತವರು ದಾನ ಮಾಡಿದ ಕಣ್ಣಿನ ಪಟಲವನ್ನು ಜೋಡಿಸುವುದೊಂದೇ ದಾರಿ.

ಬೇಗನೆ ಕಾಣಿಸಿಕೊಳ್ಳುವುದರಿಂದ ಆಗುವ ಲಾಭಕ್ಕೆ ನೇಪಾಳದ ಭಕ್ತಪುರದ ಅನುಭವ ಒಂದು ನಿದರ್ಶನ. ಅಲ್ಲಿ ಗ್ರಾಮದ ಆರೋಗ್ಯ ಕಾರ್ಯಕರ್ತರು ಕಣ್ಣು ಗೀರಿದವರನ್ನು ಪರೀಕ್ಷಿಸಿ ಕೂಡಲೆ ಮುಲಾಮು ಹಚ್ಚುವ ಏರ್ಪಾಡನ್ನು ಮಾಡಿದ್ದರು. ಪೆಟ್ಟಾದ ೧೮ ಗಂಟೆಗಳೊಳಗೆ ಬಂದ ೨೮೪ ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲವೆಂದೂ, ತಡಮಾಡಿದವರಲ್ಲಿ ಹುಣ್ಣು ಹೆಚ್ಚಿತೆಂದೂ ೨೦೦೧ರಲ್ಲಿ ಪ್ರಕಟವಾದ ಅದರ ವರದಿ ತಿಳಿಸುತ್ತದೆ. ಅನಂತರ ಅದೇ ದೇಶದಲ್ಲಿ ಇನ್ನೂ ವಿಸ್ತಾರವಾಗಿ ನಡೆಸಿದ ಪ್ರಯೋಗದಲ್ಲಿ, ಇಂಥ ಏರ್ಪಾಡಿನಿಂದ ಊರುಗಳ ಒಟ್ಟು ಹುಣ್ಣುಗಳ ಸಂಖ್ಯೆ ಇಳಿಯಲಿಲ್ಲ. ಮುಲಾಮಿನ ಮೇಲೆ ಪೂರ್ತಿ ಭಾರ ಹಾಕಕೂಡದೆಂದೂ, ಪೆಟ್ಟೇ ತಗಲದಂತೆ ನೋಡಿಕೊಳ್ಳುವುದು ಅಷ್ಟೇ ಅಗತ್ಯವೆಂದೂ ಇದರಿಂದ ನಾವು ತಿಳಿಯಬೇಕು.

ಇನ್ನು ಎರಡನೆಯ ಬಾಗಿಲಾದ ಬಾಯಿಯ ವಿಚಾರ. ೧೯೯೫ರಲ್ಲಿ ದಖ್ಖಣದ ಪ್ರಸ್ಥಭೂಮಿಯ ಕೆಲವು ಗ್ರಾಮಗಳಲ್ಲಿ ಕೊಯ್ದ ಬೆಳೆ ಹೊಲದಲ್ಲಿರುವಾಗಲೇ ಅಕಾಲದ ಮಳೆ ಸುರಿಯಿತು. ನೆನೆದ ಜೋಳಕ್ಕೂ ಗೋವಿನಜೋಳಕ್ಕೂ ಬೂಷ್ಟು ಹಿಡಿಯಿತು. ಒಳ್ಳೆಯ ಕಾಳಿಲ್ಲದ ಬಡವರು ಅದನ್ನೇ ಬೀಸಿ ರೊಟ್ಟಿ ಮಾಡಿ ಉಂಡರು. ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಶಬ್ದ, ಭೇದಿ ಇವು ಮನೆಮನೆಗಳಲ್ಲಿ ಕಾಣಿಸಿಕೊಂಡವು. ವಿಚಾರಣೆ ನಡೆಸಿದ ೫೦ ಗ್ರಾಮಗಳಲ್ಲಿ ೨೭ ಗ್ರಾಮಗಳ ಜನ ಇದಕ್ಕೆ ಗುರಿಯಾಗಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳು ಆ ಮನೆಗಳ ಕಾಳನ್ನು ಪರೀಕ್ಷಿಸಿ, ಅದರಲ್ಲಿ ಫ್ಯುಮೋನಿಸಿನ್ ಎಂಬ ವಿಷವನ್ನು ಕಂಡರು. ಜೋಳದಲ್ಲಿ ಅದು ಕಿಲೋಗ್ರಾಮಿಗೆ ೭.೮ ಮಿಲಿಗ್ರಾಮಿನ ವರೆಗೂ ಇದ್ದಿತು. ರೋಗ ತಗಲದ ಮನೆಗಳ ಜೋಳದಲ್ಲಿ ಇದ್ದುದು ಬಹು ಸ್ವಲ್ಪ. ಆ ಕಾಳನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವುಗಳಿಗೂ ಭೇದಿಯಾಯಿತು. ಜನರು ಆ ಕಾಳನ್ನು ಬಿಟ್ಟ ಮೇಲೆ ರೋಗವೂ ನಿಂತಿತು.

ಈ ಫ್ಯುಮೋನಿಸಿನ್ ಕದಿರುಬೂಷ್ಟಿನ ಕೆಲವು ಜಾತಿಗಳು ತಯಾರಿಸುವ ವಿಷ. ಇದನ್ನು ಪ್ರತ್ಯೇಕಿಸಿ ಗುರುತಿಸಿದ್ದು ದಕ್ಷಿಣ ಆಫ್ರಿಕದಲ್ಲಿ, ೧೯೮೮ರಲ್ಲಿ. ನಮ್ಮ ಜೀವಕೋಶಗಳ ಪೊರೆಗಳಿಗೆ ಬೇಕಾದ ಒಂದು ಬಗೆಯ ಕೊಬ್ಬಿನ ತಯಾರಿಕೆಯನ್ನು ಇದು ತಡೆಯುತ್ತದೆ. ಇದನ್ನು ತಿಂದ ಕುದುರೆಗಳ ಮೆದುಳು ಕರಗಿ ಅವು ಸಾಯುತ್ತವೆ. ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ದ್ರವ್ಯಗಳ ಸಾಲಿನಲ್ಲಿಯೂ ಇದನ್ನು ಎಣಿಸಿದ್ದಾರೆ. ಗೃಹಿಣಿಯರು ವಿಶೇಷವಾಗಿ ನೆನಪಿಡಬೇಕಾದ ಅಂಶವೊಂದುಂಟು: ಬೂಷ್ಟು ಬೆಂಕಿಗೆ ಸಾಯುತ್ತದೆ, ಅದು ಬಿಟ್ಟು ಹೋದ ವಿಷ ಹಂಚಿನ ಕಾವಿಗೆ ನಾಶವಾಗುವುದಿಲ್ಲ. ಚೆನ್ನಾಗಿ ಬೇಯಿಸಿದ ರೊಟ್ಟಿಯಾದ ಮಾತ್ರಕ್ಕೆ ಕೆಟ್ಟ ಕಾಳು ಒಳ್ಳೆಯದಾಗದು.

ಇಲ್ಲಿ ನಮ್ಮ ಹಿರಿಯರ ಒಕ್ಕಲುತನದ ವಿವೇಕವನ್ನು ಮೆಚ್ಚಬೇಕು. ವಿಜಯಪುರ ಬಾಗಲಕೋಟೆಗಳ ಎರೆಭೂಮಿಯಲ್ಲಿ ಮಾಲದಂಡಿಯಂಥ ಹಿಂಗಾರಿ ಜೋಳ ಮಳೆಗಾಲ ಕಳೆದ ಮೇಲೆ ಬಿತ್ತಲ್ಪಟ್ಟು, ನೆಲದಲ್ಲಿ ಉಳಿದ ಹಸಿಯಿಂದಲೇ ಬೆಳೆದು, ಒಣಹವೆಯಲ್ಲಿ ಮಾಗುತ್ತದೆ. ತೆನೆ ಮಾಗುವ ವೇಳೆಗೆ ಬೂಷ್ಟಿಗೆ ಬೇಕಾದ ತೇವ ಗಾಳಿಯಲ್ಲಿ ಇರುವುದೇ ಕಡಮೆ. ಆ ಜೋಳದ ಮುತ್ತಿನಂಥ ಬಿಳುಪಿಗೆ ಇದೂ ಒಂದು ಕಾರಣ. ಮುಂಗಾರಿನ ಜೋಳಕ್ಕೂ ಗೋವಿನಜೋಳಕ್ಕೂ ಈ ಅನುಕೂಲವಿಲ್ಲ; ಮಾಗುವಾಗಲೇ ಮಳೆ ಹಿಡಿಯಬಹುದು. ಅವನ್ನು ಬೆಳೆಯುವವರು ತೆನೆಯನ್ನು ಬಲಿತ ಕೂಡಲೆ ಕೊಯ್ದು, ನೆಲದ ಹಸಿ ತಾಗದಂತೆ ಹಾಸಿನ ಮೇಲೆ ಬಿಸಿಲಿಗೆ ಹರಡಿ, ಕಾಳಿನ ತೇವಾಂಶ ನೂರಕ್ಕೆ ೧೨ರ ಸುಮಾರಿಗೆ ಇಳಿದ ಮೇಲೆಯೇ ಚೀಲಕ್ಕಾಗಲಿ ಹಗೇವಿಗಾಗಲಿ ತುಂಬತಕ್ಕದ್ದು. ನಸುಗೆಂಪು ಅಥವಾ ಬಿಳಿಯ ಬೂಷ್ಟು ಕಾಣುವ ಕಾಳನ್ನು ಆರಿಸಿ ಬೇರೆ ಮಾಡಬೇಕು. ಅದನ್ನು ಕುದುರೆ, ಕೋಳಿಗಳಿಗೂ ಹಾಕಕೂಡದು.

ಈ ಎರಡು ಬಾಗಿಲುಗಳಲ್ಲದೆ ಮೂರನೆಯದೊಂದೂ ಉಂಟು. ರಕ್ತದ ಕ್ಯಾನ್ಸರು ಮುಂತಾದ ವ್ಯಾಧಿಗಳಿಂದಲೂ ಅವುಗಳ ತೀವ್ರವಾದ ಚಿಕಿತ್ಸೆಯಿಂದಲೂ ಬಿಳಿಯ ಕಣಗಳು ನಶಿಸಿದವರಲ್ಲಿ ಈ ಬೂಷ್ಟು ರಕ್ತದಲ್ಲಿಯೇ ಹರಡಿ ಪ್ರಾಣಾಪಾಯವನ್ನು ತರಬಲ್ಲುದು. ಅನೇಕ ಔಷಧಗಳಿಗೆ ಇದು ಜಗ್ಗದಿರುವುದರಿಂದ ದೊಡ್ಡ ಆಸ್ಪತ್ರೆಗಳ ವೈದ್ಯರಿಗೂ ಇದು ಕಠಿಣವಾದ ಸಮಸ್ಯೆ. ಆರೋಗ್ಯವಂತರು ಇದಕ್ಕೆ ಹೆದರಬೇಕಾದುದಿಲ್ಲ. ಮಣ್ಣು ಮುಟ್ಟಿದ ಮಾತ್ರಕ್ಕೆ ಯಾರಿಗೂ ರೋಗ ಬರುವುದಿಲ್ಲ; ಹಾಗಿದ್ದರೆ ಒಕ್ಕಲುತನವೇ ಇರುತ್ತಿರಲಿಲ್ಲ.

ಇಷ್ಟರ ಸಾರ ಇದು. ಈ ಬೂಷ್ಟನ್ನು ಮಣ್ಣಿನಿಂದ ನಿರ್ಮೂಲ ಮಾಡುವುದು ಸಾಧ್ಯವಲ್ಲ, ಅಗತ್ಯವೂ ಅಲ್ಲ. ಅದಕ್ಕೆ ಬಲ ಬರುವುದು ನಮ್ಮ ವಿಳಂಬದಿಂದ. ಒದ್ದೆಯಾದ ತೆನೆ ಬಿಸಿಲು ಕಾಣದೆ ಕಳೆದ ದಿನಗಳು, ಗೀರಿದ ಕಣ್ಣು ವೈದ್ಯನನ್ನು ಕಾಣದೆ ಕಳೆದ ದಿನಗಳು, ಈ ಎರಡೇ ಅದರ ಅವಕಾಶಗಳು. ಕಬ್ಬು ಕಡಿಯುವಾಗಲೂ ರಾಶಿ ಮಾಡುವಾಗಲೂ ಕಣ್ಣಿಗೆ ಸಾಧಾರಣವಾದ ರಕ್ಷಣೆಯ ಕನ್ನಡಕ ಹಾಕಿಕೊಳ್ಳುವುದು. ಪೆಟ್ಟು ತಗಲಿದರೆ ಉಜ್ಜದೆ, ಶುದ್ಧವಾದ ನೀರಿನಿಂದ ತೊಳೆದು, ಮತ್ತೇನನ್ನೂ ಹಾಕದೆ ಆ ದಿನವೇ ಅಥವಾ ಮರುದಿನವೇ ಕಣ್ಣಿನ ವೈದ್ಯರಿಗೆ ತೋರಿಸುವುದು. ತಾನು ಏನು ಕೆಲಸ ಮಾಡುತ್ತಿದ್ದಾಗ, ಯಾವ ಗರಿ ತಾಗಿತೆಂಬುದನ್ನು ಅವರಿಗೆ ಮರೆಯದೆ ಹೇಳುವುದು. ಇವು ಯಾರಿಗೂ ಅಸಾಧ್ಯವಾದುವಲ್ಲ. ಅಸಾಧ್ಯವೆನಿಸುವುದು ಆ ಒಂದು ದಿನದ ಕೂಲಿ. ಕಬ್ಬಿನ ಹಂಗಾಮಿನಲ್ಲಿ ಹೊಲದ ಒಡೆಯರೂ ಕಾರ್ಖಾನೆಯವರೂ ಕೂಡಿ, ಕಡಿಯುವವರಿಗೆ ಕನ್ನಡಕಗಳನ್ನೂ, ಕಣ್ಣಿಗೆ ಪೆಟ್ಟಾದವನಿಗೆ ಆ ದಿನದ ಕೂಲಿಯನ್ನೂ ಕೊಡುವ ಪದ್ಧತಿಯನ್ನಿಟ್ಟುಕೊಂಡರೆ, ಎಷ್ಟೋ ಕಣ್ಣುಗಳು ಉಳಿಯುವುವು. ವಂತಿಗೆ ಹಾಕಿ ನದಿಗೇ ಕಟ್ಟೆ ಕಟ್ಟಿದ ಸೀಮೆಯವರಿಗೆ ಇದು ದೊಡ್ಡ ಭಾರವಾಗಲಾರದೆಂದು ನನ್ನ ನಂಬಿಕೆ.